ಐದು ಜನ್ಮದ ಎಂಜಿನ್

ಅಂಬಾಸಿಡರ್ ಕಾರಿನ ಎಂಜಿನ್ನಿಗೆ ಐದು ಜನ್ಮ. ಕಾರ್ಖಾನೆಯಿಂದ ಹೊರಬಿದ್ದಾಗಿನದು ಸ್ಟ್ಯಾಂಡರ್ಡ್. ಓಡಿ ಓಡಿ ಸಿಲಿಂಡರ್ ಸವೆದಾಗ ಅದನ್ನು ಕೊರೆಸಿ, ಇಂಚಿನ ಸಾವಿರದಲ್ಲಿ ಹತ್ತು ಭಾಗದಷ್ಟು ಹಿಗ್ಗಿಸಿದರೆ ‘10 ಸೈಜ್’. ಅದೂ ಸವೆದರೆ 20, ಆಮೇಲೆ 30, ಕಟ್ಟಕಡೆಗೆ 40. ಒಂದೊಂದು ಅಳತೆಗೂ ಹೊಂದುವ ಪಿಸ್ಟನ್, ರಿಂಗುಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತಿದ್ದವು. 40 ಕೂಡ ಮುಗಿದರೆ ಸ್ಲೀವ್ ಕೂರಿಸಿ ಮತ್ತೆ ಸ್ಟ್ಯಾಂಡರ್ಡಿಗೆ ತರುವವರೂ ಇದ್ದಾರೆ, ಆ ಮಾತು ಬೇರೆ. ಇದು ಸವೆಯುತ್ತದೆ, ಯಾವುದೋ ಊರಲ್ಲಿ ಯಾರೋ ಇದನ್ನು ಬಿಚ್ಚಿ ಮತ್ತೆ ಕಟ್ಟುತ್ತಾರೆ ಎಂಬುದು ಈ ಎಂಜಿನ್ ಮಾಡಿದವರಿಗೆ ಮೊದಲೇ ಗೊತ್ತಿತ್ತು.

ಇಂಥ ಜನ್ಮಗಳನ್ನು ಜನ ದುಂದು ಮಾಡುತ್ತಾರೆ ಎಂಬುದು ನನ್ನ ತಕರಾರು. ನಮ್ಮ ಬಾಗಲಕೋಟೆ ಕಡೆ ಹಳೇ ಗಾಡಿ ಸ್ವಲ್ಪ ನೀಲಿ ಹೊಗೆ ಬಿಟ್ಟರೆ ಸಾಕು, ಚಹಾದಂಗಡಿ ಮುಂದೆ ಕೂತವರೂ ‘ಬೋರ್ ಹೊಡಸ್ರಿ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಬೋರ್ ಒಮ್ಮೆ ಕೊರೆಸಿದರೆ ಆ ಕಬ್ಬಿಣ ವಾಪಸು ಬರುವುದಿಲ್ಲ. ಕೊರೆಸುವ ಮುಂಚೆ ಅಳೆಯಬೇಕು. ಮನೆಯಲ್ಲಿ ಎಂಜಿನ್ ಕೆಲಸ ಮಾಡಿಕೊಳ್ಳುವವನಿಗೆ ಗ್ಯಾರೇಜಿನವರಿಗಿಲ್ಲದ ಒಂದು ಅನುಕೂಲವಿದ್ದರೆ ಅದು ಅಳೆಯುವಷ್ಟು ಪುರುಸೊತ್ತು. ಗ್ಯಾರೇಜಿನಲ್ಲಿ ಹಿಂದೆ ಇನ್ನೊಂದು ಗಾಡಿ ಕಾದಿರುತ್ತದೆ.

ನಮ್ಮದು 1990ರ ದಶಕದ ಆರಂಭದ ಪೆಟ್ರೋಲ್ ಗಾಡಿ, 1489 ಸಿಸಿ. ನಂಬರ್ ಪ್ಲೇಟಿನ ಮೇಲೆ ಇನ್ನೂ ಕೆಎ-28 ಇದೆ. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾಗಿ ಕೆಎ-29 ಪಡೆಯುವ ಮೊದಲು ಎಲ್ಲರದ್ದೂ ವಿಜಯಪುರದ ನಂಬರೇ. ಕೆಲಸಕ್ಕೆ ವಿದ್ಯಾಗಿರಿಯ ಮನೆಯ ಕಂಪೌಂಡು, ಒಂದು ಬೇವಿನ ಮರದ ನೆರಳು, ಹಳೇ ಕಬ್ಬಿಣದ ಮೇಜು. ಎಂಜಿನ್ ಎತ್ತುವುದಕ್ಕೆ ಕ್ರೇನ್ ಎಲ್ಲಿಂದ ತರುವುದು? ಕೊಳವೆಬಾವಿಯ ಮೋಟಾರ್ ಎತ್ತುವವರ ಬಳಿ ಮೂರು ಕಾಲಿನ ಕಬ್ಬಿಣದ ಪೈಪು, ಚೈನ್ ಪುಲ್ಲಿ ಎರಡೂ ಇರುತ್ತವೆ. ಅವನ್ನೇ ಬಾಡಿಗೆಗೆ ತಂದು ಗಾಡಿಯ ಮೂತಿಯ ಮೇಲೆ ನಿಲ್ಲಿಸಿದೆವು. ಬೇಸಿಗೆ ಬೇರೆ. ಗೇಟಿನ ಮುಂದೆ ಹಾದುಹೋಗುವವರು ನಿಂತು, ‘ಎಷ್ಟು ಫೂಟಿಗೆ ನೀರು ಬಿದ್ದಾವ್ರೀ?’ ಎಂದು ಕೇಳತೊಡಗಿದರು. ಎಂಜಿನ್ ಮೇಲಕ್ಕೆದ್ದದ್ದು ಕಂಡ ಮೇಲೆ ಅವರೂ ಒಳಗೆ ಬಂದು ಒಂದೊಂದು ಸಲಹೆ ಕೊಟ್ಟರು. ಎಲ್ಲರದ್ದೂ ಅದೇ: ಬೋರ್ ಹೊಡಸ್ರಿ.

ಬೇರೆ ಮಾತು ಹೇಳಿದವರು ಒಬ್ಬರೇ. ಲಾರಿ, ಟ್ರ್ಯಾಕ್ಟರು, ಅಂಬಾಸಿಡರ್ ಎಲ್ಲದರ ಹೊಟ್ಟೆ ಕಂಡ ಹಿರಿಯ ಮಿಸ್ತ್ರಿ, ನಮಗೆಲ್ಲ ಚಾಚಾ. ಹಳೇ ಊರಿನಲ್ಲಿ ಗ್ಯಾರೇಜಿದ್ದವರು. ಆಲಮಟ್ಟಿ ಹಿನ್ನೀರಿಗೆ ಊರಿನ ತಗ್ಗಿನ ಭಾಗ ಹೋದಾಗ ನವನಗರಕ್ಕೆ ಬಂದು, ಈಗ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದಾರೆ. ಎಂಜಿನ್ ಇಳಿಸುವ ಮೊದಲೇ ಅವರು ಕೇಳಿದ್ದು: ‘ಹೊಗಿ ಯಾವಾಗ ಬರತೈತ್ರಿ ಸರ? ಏರು ಹತ್ತುವಾಗೋ, ಇಳಿಯುವಾಗೋ?’

ಈ ಒಂದು ಪ್ರಶ್ನೆಯಲ್ಲಿ ಅರ್ಧ ರೋಗ ಗೊತ್ತಾಗುತ್ತದೆ. ಏರಿನಲ್ಲಿ ಭಾರ ಎಳೆಯುವಾಗ ಒಂದೇ ಸಮನೆ ನೀಲಿ ಹೊಗೆ ಬಂದರೆ ರಿಂಗು ಸೋತಿವೆ, ಸಿಲಿಂಡರಿನ ಗೋಡೆಗೆ ಬಳಿದ ಎಣ್ಣೆ ಮೇಲೆ ಹೋಗಿ ಸುಡುತ್ತಿದೆ ಎಂದರ್ಥ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು, ಕೆಳಗೆ ಬಂದು ಮತ್ತೆ ಒತ್ತಿದಾಗ ಬುಸ್ ಎಂದು ಒಮ್ಮೆ ಬಂದು ನಿಂತರೆ ತಪ್ಪು ವಾಲ್ವ್ ಗೈಡಿನದು. ಆಕ್ಸಿಲರೇಟರ್ ಬಿಟ್ಟಾಗ ಒಳಗೆ ಹುಟ್ಟುವ ಹೀರುವಿಕೆಗೆ, ಸವೆದ ಗೈಡಿನ ಸಂದಿನಿಂದ ಹೆಡ್ಡಿನ ಮೇಲಿನ ಎಣ್ಣೆ ಒಳಗಿಳಿದಿರುತ್ತದೆ. ಬೆಳಿಗ್ಗೆ ಚಾಲೂ ಮಾಡಿದಾಗ ಬರುವ ಮೊದಲ ಹೊಗೆಯೂ ಅದೇ. ಬಿಳಿ ಆವಿ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಕಪ್ಪು ಹೊಗೆಯಾದರೆ ಕಾರ್ಬೋರೇಟರ್. ನಮ್ಮ ಗಾಡಿ ಗುಳೇದಗುಡ್ಡದ ಇಳಿಜಾರು ಇಳಿದ ಮೇಲೆ ಹೊಗೆ ಬಿಡುತ್ತಿತ್ತು.

ಎರಡನೆಯ ಪರೀಕ್ಷೆ ಇನ್ನೂ ಸರಳ. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿಗೆ ಕಂಪ್ರೆಷನ್ ಗೇಜ್ ಹಿಡಿದು ಸೆಲ್ಫ್ ಹೊಡೆಯುವುದು. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡುವುದು. ಎಣ್ಣೆ ರಿಂಗಿನ ಸುತ್ತ ನಿಂತು ಸಂದು ಮುಚ್ಚುವುದರಿಂದ ಮುಳ್ಳು ಏರಿದರೆ ದೋಷ ರಿಂಗಿನದು. ಏರದಿದ್ದರೆ ವಾಲ್ವಿನದು. ನಮ್ಮದರಲ್ಲಿ ಮೂರನೆಯ ಸಿಲಿಂಡರಿನ ಮುಳ್ಳು ಎಣ್ಣೆಗೆ ಜಗ್ಗಲಿಲ್ಲ.

ಹೆಡ್ ಇಳಿಸಿದಾಗ ಪಿಸ್ಟನ್ನಿನ ನೆತ್ತಿಯ ಇದ್ದಿಲಿನಡಿ ‘10’ ಎಂಬ ಗುರುತು ಕಂಡಿತು. ಒಂದು ಜನ್ಮ ಆಗಲೇ ಮುಗಿದಿತ್ತು.

ಬಿಚ್ಚುವುದರಲ್ಲಿ ಬುದ್ಧಿವಂತಿಕೆಯೇನೂ ಇಲ್ಲ, ಶಿಸ್ತು ಬೇಕು ಅಷ್ಟೆ. ಪುಶ್‌ರಾಡುಗಳನ್ನು ಅವೇ ಜಾಗಕ್ಕೆ ವಾಪಸು ಹಾಕಬೇಕು, ಯಾಕೆಂದರೆ ವರ್ಷಗಟ್ಟಲೆ ಒಂದಕ್ಕೊಂದು ಉಜ್ಜಿ ಜೋಡಿಯಾಗಿವೆ. ರಟ್ಟಿಗೆ ಎಂಟು ತೂತು ಹೊಡೆದು, ಒಂದರಿಂದ ಎಂಟರವರೆಗೆ ಬರೆದು, ಸಾಲಾಗಿ ಚುಚ್ಚಿಟ್ಟರೆ ಮುಗಿಯಿತು. ಕನೆಕ್ಟಿಂಗ್ ರಾಡಿನ ಕ್ಯಾಪು, ಮೇನ್ ಬೇರಿಂಗಿನ ಕ್ಯಾಪು ಇವು ಅದಲುಬದಲಾದರೆ ಎಂಜಿನ್ ಕೆಟ್ಟಂತೆಯೇ. ಅವನ್ನು ಕಾರ್ಖಾನೆಯಲ್ಲಿ ಜೊತೆಯಾಗಿ ಕೂರಿಸಿಯೇ ಕೊರೆದಿರುತ್ತಾರೆ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ತೆಗೆಯಿರಿ. ಆದರೆ ಎಣ್ಣೆಗೈಯಲ್ಲಿ ಮೊಬೈಲ್ ಹಿಡಿದು ಹಿಗ್ಗಿಸಿ ನೋಡುವುದಕ್ಕಿಂತ ರಟ್ಟಿನ ಮೇಲೆ ಸೀಸದಕಡ್ಡಿಯಲ್ಲಿ ಬರೆದ ಅಂಕಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆಮೇಲೆ ಅಳತೆ. ಸಿಲಿಂಡರ್ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ ಮೇಲಕ್ಕೇರಿ ನಿಂತು ತಿರುಗುವ ಜಾಗದಲ್ಲಿ ಬೆಂಕಿಯ ಕಾವು ಜಾಸ್ತಿ, ಎಣ್ಣೆಯ ಪದರ ತೆಳು. ಸವೆತ ಅಲ್ಲಿಯೇ ಹೆಚ್ಚು. ಅದಕ್ಕೂ ಮೇಲೆ, ರಿಂಗು ಮುಟ್ಟದ ಜಾಗದಲ್ಲಿ, ಸವೆಯದೆ ಉಳಿದ ಕಬ್ಬಿಣ ಒಂದು ಏಣಿನಂತೆ ನಿಂತಿರುತ್ತದೆ. ಒಳಗೆ ಬೆರಳಾಡಿಸಿದರೆ ಉಗುರು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಬಹಳ ಜನ ಇಷ್ಟಕ್ಕೇ ಹೆದರಿ ಬೋರಿಗೆ ಕಳಿಸುತ್ತಾರೆ. ಹೆದರುವುದಲ್ಲ, ಡಯಲ್ ಇರುವ ಬೋರ್ ಗೇಜ್ ಇಳಿಸಬೇಕು. ಪ್ರತಿ ಸಿಲಿಂಡರಿನಲ್ಲಿ ಮೇಲೆ, ನಡುವೆ, ಕೆಳಗೆ. ಪ್ರತಿ ಎತ್ತರದಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ನಾಲ್ಕು ಸಿಲಿಂಡರಿಗೆ 24 ಅಳತೆ. ಈ ಎಂಜಿನ್ನಿನ ಮೂಲ ಬೋರ್ 73.025 ಮಿಲಿಮೀಟರ್, ಅಂದರೆ ಎರಡೂ ಮುಕ್ಕಾಲು ಇಂಚಿನ ಮೇಲೆ ಒಂದು ಸೂತು. ಸವೆತ 8ರಿಂದ 10 ಥೌ, ಅಂದರೆ ಇಂಚಿನ ಸಾವಿರದಲ್ಲಿ ಎಂಟು ಹತ್ತು ಭಾಗ, ದಾಟಿದರೆ ಬೋರ್ ಬಿಟ್ಟು ಗತಿಯಿಲ್ಲ ಎಂಬುದು ಗ್ಯಾರೇಜುಗಳ ಹಳೇ ಲೆಕ್ಕ. ನಮ್ಮದರಲ್ಲಿ ಅತಿ ಸವೆದ ಜಾಗದಲ್ಲೂ ಮುಳ್ಳು ಐದರ ಆಚೆ ಹೋಗಲಿಲ್ಲ. ‘ನೋಡ್ರೀ ಮತ್ತ’ ಎಂದರು ಚಾಚಾ, ಗೇಜ್ ಒರೆಸಿ ಡಬ್ಬಿಗೆ ಹಾಕುತ್ತ. ‘ಅಳತಿ ಇಲ್ದ ಬೋರ್ ಹೊಡಸಿದ್ರ ರೊಕ್ಕಾನೂ ಹೋತು, ಬ್ಲಾಕೂ ಹೋತು.’

ಹಾಗಾಗಿ ಹೊಸ ಪಿಸ್ಟನ್ ಬೇಡ. ಮೇಲಿನ ಏಣು ತೆಗೆಸುವುದು, ಗೋಡೆಯ ಹೊಳಪು ಹೋಗುವಷ್ಟು ಹೋನಿಂಗ್ ಮಾಡಿಸುವುದು, ಹೊಸ ರಿಂಗು ಹಾಕುವುದು. ಕನ್ನಡಿಯಂತೆ ಹೊಳೆಯುವ ಸಿಲಿಂಡರ್ ನೋಡಲು ಚಂದ, ಆದರೆ ಅದರ ಮೇಲೆ ಎಣ್ಣೆ ನಿಲ್ಲುವುದಿಲ್ಲ. ಹೋನಿಂಗ್ ಕಲ್ಲು ಬಿಟ್ಟುಹೋಗುವ ಓರೆಗೆರೆಗಳಲ್ಲಿ ಎಣ್ಣೆ ಕೂತು ಹೊಸ ರಿಂಗು ಗೋಡೆಗೆ ಒಗ್ಗುತ್ತದೆ. ಏಣು ತೆಗೆಸದೆ ಹೊಸ ರಿಂಗು ಹಾಕಿದರೆ ಮೇಲಿನ ರಿಂಗು ಅದಕ್ಕೆ ಬಡಿದು ಮುರಿಯುತ್ತದೆ. ಬೋರ್ ಹೊಡೆಸಲೇಬೇಕಾದವರಿಗೂ ಒಂದು ಮಾತು: ಮೊದಲು ಪಿಸ್ಟನ್ ಕೈಗೆ ಬರಲಿ, ಅದನ್ನು ಅಳೆದು ಅದಕ್ಕೆ ತಕ್ಕಂತೆ ಕೊರೆಸಿ. ಕೊರೆಸಿಟ್ಟುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಫೋನು ಮಾಡುತ್ತ ಕೂರುವ ಪಾಡು ಬೇಡ.

ಬ್ಲಾಕಿಗಿಂತ ಕ್ರ್ಯಾಂಕಿನ ಸ್ಥಿತಿ ಕೆಟ್ಟಿತ್ತು. ಮೈಕ್ರೋಮೀಟರ್ ಹಿಡಿದರೆ ಬಿಗ್ ಎಂಡ್ ಜರ್ನಲ್ ಒಂದು ಕಡೆಗೆ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಅದನ್ನು ಗ್ರೈಂಡಿಂಗಿಗೆ ಕೊಟ್ಟು, ಹತ್ತು ಥೌ ಸಣ್ಣದು ಮಾಡಿಸಿ, ಆ ಅಳತೆಯ ಬೇರಿಂಗ್ ತರಬೇಕಾಯಿತು. ಮನೆಯ ಕೆಲಸ ಎಂದು ಎಷ್ಟೇ ಹೇಳಿಕೊಂಡರೂ ಈ ಮೂರ್ನಾಲ್ಕು ಕೆಲಸಕ್ಕೆ ಮಷಿನ್ ಶಾಪಿನ ಬಾಗಿಲು ತಟ್ಟಲೇಬೇಕು: ಹೋನಿಂಗ್, ಕ್ರ್ಯಾಂಕ್, ವಾಲ್ವ್ ಗೈಡ್, ವಾಲ್ವ್ ಸೀಟ್.

ನಮ್ಮ ಸೀಮೆಗೆ ಎಂಜಿನ್ ಪರಿಚಯವಾದದ್ದು ಕಾರಿನಿಂದಲ್ಲ ಎಂಬುದು ಮಷಿನ್ ಶಾಪಿನಲ್ಲಿ ನಿಂತರೆ ಗೊತ್ತಾಗುತ್ತದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯಲ್ಲಿ ಕರೆಂಟು ಬರುವ ಮೊದಲು ನೀರೆತ್ತಿದ್ದು ಆಯಿಲ್ ಎಂಜಿನ್ನುಗಳು. ಅವು ಕೆಟ್ಟಾಗ ರಿಪೇರಿ ಮಾಡಿದವರೇ ಮುಂದೆ ಲಾರಿ, ಟ್ರ್ಯಾಕ್ಟರು, ಕಾರುಗಳಿಗೆ ಕೈ ಹಾಕಿದರು. ಆ ಎಂಜಿನ್ನುಗಳ ಹೆಸರಿನ ಹಿಂದಿರುವ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಮನುಷ್ಯ. 1941ರಲ್ಲಿ ಹರಿಹರದಲ್ಲಿ ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಆ ಕಾರ್ಖಾನೆ ಈಗಿಲ್ಲ, ಅದರ ಲೇಥುಗಳು ಮಾತ್ರ ಉತ್ತರ ಕರ್ನಾಟಕದ ಸಣ್ಣ ಮಷಿನ್ ಶಾಪುಗಳಲ್ಲಿ ಇವತ್ತಿಗೂ ತಿರುಗುತ್ತಿವೆ. ನಮ್ಮ ಗೈಡುಗಳನ್ನು ಕಡೆದುಕೊಟ್ಟದ್ದೂ ಹರಿಹರದ ಲೇಥೇ. ಇನ್ನು ವಿದ್ಯಾಗಿರಿಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಮೆಕ್ಯಾನಿಕಲ್ ಓದುವ ಹುಡುಗರು ಇಬ್ಬರು ಸಂಜೆ ಹೊತ್ತು ಕಂಪೌಂಡಿಗೆ ಬಂದು, ಪುಸ್ತಕದಲ್ಲಿ ಬಿಡಿಸಿದ್ದ ವಾಲ್ವನ್ನು ಕೈಯಲ್ಲಿ ಹಿಡಿದು ನೋಡಿದರು. ಲೆಕ್ಕದಲ್ಲಿ ನಮಗಿಂತ ಚುರುಕು. ನಟ್ಟು ಯಾವ ಕಡೆ ತಿರುಗಿಸಬೇಕೆಂದು ಮಾತ್ರ ಚಾಚಾನ ಮುಖ ನೋಡುತ್ತಿದ್ದರು.

ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಹಿಂದೂಸ್ತಾನ್ ಮೋಟಾರ್ಸ್ ಅದನ್ನು 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಲು ಶುರುಮಾಡಿ, 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. ಇದೇ 1489 ಸಿಸಿ ಎಂಜಿನ್ನು ಇಂಗ್ಲೆಂಡಿನ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಆ ಕಾರಿಗೆ ಅಲ್ಲಿ ಇನ್ನೂ ಭಕ್ತರಿದ್ದಾರೆ, ಹೀಗಾಗಿ ಎಷ್ಟೋ ಬಿಡಿಭಾಗ ಅಲ್ಲಿ ಈಗಲೂ ತಯಾರಾಗುತ್ತವೆ. ಫಿಯೆಟ್ ಇಟ್ಟುಕೊಂಡವರು ಸಿಟ್ಟಾಗಬಾರದು. ಅವರ ಪದ್ಮಿನಿಯ ಹಿಂದೆ ಕನ್ನಡಿಗರದ್ದೇ ಒಂದು ಕಥೆಯಿದೆ: ಭಾರತದಲ್ಲಿ ಕಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಯೋಜನೆ ಬರೆದು ಸರ್ಕಾರಗಳ ಬೆನ್ನು ಹತ್ತಿದವರು ಸರ್ ಎಂ. ವಿಶ್ವೇಶ್ವರಯ್ಯ. ಆಗಿನ ಸರ್ಕಾರ ಕೈಕೊಟ್ಟಿತು. ಅದೇ ಕನಸಿನ ಹಿಂದೆ ಬಿದ್ದ ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದರು. ಇಂಥ ಗಾಡಿಗಳನ್ನು ಹೊಳಪಾಗಿ ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೋ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ಕ್ಕೋ ಹೋಗಬಹುದು. ನನಗೆ ಮಾತ್ರ ನಿಂತ ಕಾರಿಗಿಂತ ಓಡುವ ಕಾರು ಇಷ್ಟ.

ಓಡಬೇಕೆಂದರೆ ಪೆಟ್ರೋಲಿನ ವಿಚಾರ ಬರುತ್ತದೆ. ಈ ಎಂಜಿನ್ ಹುಟ್ಟಿದ ಕಾಲದಲ್ಲಿ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಎಕ್ಸಾಸ್ಟ್ ವಾಲ್ವ್ ಬಡಿಯುವ ಸೀಟಿಗೆ ಅದೇ ರಕ್ಷಣೆ. 2000ದ ಫೆಬ್ರುವರಿಯಿಂದ ದೇಶದೆಲ್ಲೆಡೆ ಸೀಸವಿಲ್ಲದ ಪೆಟ್ರೋಲು. ಜನರ ಆರೋಗ್ಯಕ್ಕೆ ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಡ್ಡಿನ ಕಬ್ಬಿಣದಲ್ಲೇ ಕಡೆದ ಮೆದು ಸೀಟುಗಳು ಒಳಕ್ಕೆ ಕುಸಿಯತೊಡಗಿದವು. ನಮ್ಮ ಮೂರನೆಯ ಸಿಲಿಂಡರಿನ ರೋಗ ಇದೇ. ಹಳೇ ಸೀಟು ಕಡೆದು ಗಟ್ಟಿ ಲೋಹದ ಉಂಗುರ ಕೂರಿಸಿದರೆ ಈ ತಾಪತ್ರಯ ಮುಗಿಯುತ್ತದೆ. ಈಗಿನ ತೊಂದರೆ ಎಥೆನಾಲ್. ಬಂಕುಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬರುತ್ತಿದೆ. ಮುಧೋಳ, ಜಮಖಂಡಿ ಕಡೆಯ ಕಬ್ಬಿನಿಂದಲೂ ಅದು ತಯಾರಾಗುವುದರಿಂದ ನಮ್ಮ ಜಿಲ್ಲೆಯವರು ಅದನ್ನು ಬೈಯುವ ಹಾಗಿಲ್ಲ. ಪೆಟ್ರೋಲ್ ಪಂಪಿನ ಹಳೇ ರಬ್ಬರ್ ಡಯಾಫ್ರಾಮು, ಪೈಪು, ಕಾರ್ಬೋರೇಟರಿನ ವಾಷರುಗಳನ್ನು ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಎಂಜಿನ್ ಹೇಗೂ ಬಿಚ್ಚಿದ್ದಾಗ ಇವನ್ನೆಲ್ಲ ಎಥೆನಾಲಿಗೆ ತಡೆಯುವ ರಬ್ಬರಿಗೆ ಬದಲಾಯಿಸಿಬಿಡುವುದು ಮೇಲು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬಾರದು, ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಎಲ್ಲ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ವಾಲ್ವ್ ಉಜ್ಜುವುದು. ವಾಲ್ವಿನ ಅಂಚಿಗೆ ಉಜ್ಜುವ ಪೇಸ್ಟು ಹಚ್ಚಿ, ಸೀಟಿನ ಮೇಲಿಟ್ಟು, ರಬ್ಬರ್ ಬಟ್ಟಲಿರುವ ಕೋಲನ್ನು ತಲೆಗೆ ಅಂಟಿಸಿ, ಎರಡು ಅಂಗೈ ನಡುವೆ ಮಜ್ಜಿಗೆ ಕಡೆಯುವಂತೆ ಹಿಂದೆ ಮುಂದೆ ತಿರುಗಿಸಬೇಕು. ನಡುನಡುವೆ ಎತ್ತಿ, ಕಾಲು ಸುತ್ತು ಹೊರಳಿಸಿ ಮತ್ತೆ. ಮೊದಲು ಕರಕರ ಎಂದು ಕೈಗೇ ತಾಗುವ ಸದ್ದು. ಪೇಸ್ಟು ಸವೆಯುತ್ತ ಸವೆಯುತ್ತ ಸದ್ದು ನಯವಾಗಿ, ಕಡೆಗೆ ಬರೀ ಉಸಿರಿನಷ್ಟಾಗುತ್ತದೆ. ಒರೆಸಿ ನೋಡಿದರೆ ಸೀಟಿನ ಮೇಲೂ ವಾಲ್ವಿನ ಮೇಲೂ ಎಲ್ಲಿಯೂ ಕಡಿಯದ, ಒಂದೇ ಅಗಲದ ಬೂದುಬಣ್ಣದ ಬಳೆ ಕಾಣಬೇಕು. ಆಮೇಲೆ ಹೆಡ್ ಮಗುಚಿ, ವಾಲ್ವ್ ಕೂರಿಸಿ, ಮೇಲೆ ಪೆಟ್ರೋಲ್ ಸುರಿದು ಬಿಡುವುದು. ಚಹಾ ಕುಡಿದು ಬರುವಷ್ಟರಲ್ಲಿ ಕೆಳಗೆ ಒದ್ದೆಯಾಗಿರದಿದ್ದರೆ ಪಾಸು. ಹೊಸ ಗಟ್ಟಿ ಸೀಟಿಗೆ ಇದು ಬೇಕಿಲ್ಲ, ಯಂತ್ರವೇ ಸರಿಯಾಗಿ ಕಡೆದಿರುತ್ತದೆ ಎಂದು ವಾದಿಸುವವರಿದ್ದಾರೆ. ಇರಲಿ. ಉಜ್ಜಿದ್ದರಿಂದ ಯಂತ್ರ ಎಲ್ಲಿ ತಪ್ಪಿದೆಯೋ ಅದು ಗೊತ್ತಾಯಿತಲ್ಲ.

ಜೋಡಿಸುವಾಗ ಪರಮ ಶತ್ರು ಧೂಳು. ಬಾಗಲಕೋಟೆಯ ಏಪ್ರಿಲ್ ಗಾಳಿಯಲ್ಲಿ ಅದಕ್ಕೇನೂ ಬರವಿಲ್ಲ. ಮಷಿನ್ ಶಾಪಿನಿಂದ ಬಂದ ಬ್ಲಾಕ್ ಹೊರಗೆ ಸ್ವಚ್ಛ ಕಂಡರೂ ಒಳಗೆ ಹೋನಿಂಗ್ ಕಲ್ಲಿನ ಪುಡಿ ಇರುತ್ತದೆ. ಡೀಸೆಲ್ಲಿನಲ್ಲಿ ತೊಳೆದರೆ ಅದು ಹೋಗುವುದಿಲ್ಲ. ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ಬ್ರಷ್ ಹಿಡಿದು ತಿಕ್ಕಿ, ಒಣಗಿಸಿ, ತುಕ್ಕು ಹಿಡಿಯುವ ಮೊದಲೇ ಎಣ್ಣೆ ಸವರಬೇಕು. ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ. ಕಾಟನ್ ವೇಸ್ಟ್ ಬೇಡ, ಅದರ ಎಳೆ ಎಣ್ಣೆಯ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮಲ್ಲಿ ಹಳೇ ಧೋತರ ಒಂದು ಹುತಾತ್ಮವಾಯಿತು. ಮನೆಯವರು ಇಳಕಲ್ ಸೀರೆಗಳಿರುವ ಟ್ರಂಕಿಗೆ ಬೀಗ ಹಾಕಿಯೇ ಇಟ್ಟಿದ್ದರು. ಗ್ಯಾಸ್ಕೆಟ್ಟಿನ ಸುತ್ತ ಸಿಲಿಕಾನ್ ಪೇಸ್ಟು ಧಾರಾಳವಾಗಿ ಮೆತ್ತುವ ಚಾಳಿ ಇತ್ತೀಚಿನದು. ಒಳಕ್ಕೆ ಹಿಂಡಿದ ಪೇಸ್ಟು ತುಂಡಾಗಿ ಬಿದ್ದು ಸಂಪಿನ ಜಾಲರಿ ಮುಚ್ಚುತ್ತದೆ. ಎಣ್ಣೆ ಸೋರದಂತೆ ನೋಡಿಕೊಳ್ಳಲು ಹೋಗಿ ಎಣ್ಣೆಯೇ ಏರದಂತೆ ಮಾಡಿದ ಹಾಗೆ.

ರಿಂಗಿನ ಬಾಯಿಯ ಸಂದನ್ನು ಬೋರ್ ಒಳಗಿಟ್ಟು ಫೀಲರ್ ಗೇಜಿನಿಂದ ನೋಡಬೇಕು. ಬೋರಿನ ಪ್ರತಿ ಇಂಚಿಗೆ ಸುಮಾರು 4 ಥೌ ಎಂಬುದು ಸಾಮಾನ್ಯ ಲೆಕ್ಕ. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಕ್ಕೆ, ಒಂದೇ ಸಲಕ್ಕಲ್ಲ, ಸುತ್ತು ಸುತ್ತಾಗಿ ಬಿಗಿಯುತ್ತ ಹೋಗಬೇಕು. ಟಾರ್ಕ್ ರೆಂಚ್ ಇಲ್ಲದೆ ಅಂದಾಜಿನ ಮೇಲೆ ಬಿಗಿಯುವ ಹಳೇ ಕೈಗಳಿವೆ ನಿಜ. ಅಂಥ ಕೈ ಆಗುವುದಕ್ಕೆ ಎಷ್ಟು ಹೆಡ್ ಹಾಳಾಗಿರಬೇಕು ಎಂಬುದನ್ನು ಅವರು ಹೇಳುವುದಿಲ್ಲ.

ಟ್ಯಾಪೆಟ್ ಹೊಂದಿಸಲು ಚಾಚಾ ಹೇಳಿಕೊಟ್ಟ ಒಂಬತ್ತರ ಲೆಕ್ಕ ಮಗ್ಗಿ ಬಲ್ಲ ಹುಡುಗನಿಗೂ ಬರುವಂಥದ್ದು. ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದರ ಸಂದು ಹೊಂದಿಸು. ಆರನೆಯದು ತೆರೆದಾಗ ಮೂರನೆಯದು. ನಾಲ್ಕು ತೆರೆದಾಗ ಐದು. ಏಳು ತೆರೆದಾಗ ಎರಡು. ಯಾವ ಜೋಡಿ ಕೂಡಿಸಿದರೂ ಒಂಬತ್ತು. ಕ್ಯಾಮಿನ ಉಬ್ಬುಗಳು ಹಾಗೆ ಎದುರುಬದುರಾಗಿ ಕೂತಿರುವುದರಿಂದ ಈ ಲೆಕ್ಕ ತಪ್ಪುವುದಿಲ್ಲ. ಪುಸ್ತಕ ತೆಗೆಯದೆ ಇಡೀ ಕೆಲಸ ಮುಗಿಯುತ್ತದೆ.

ಕಾಗದಪತ್ರದ ಮಾತು ಸ್ವಲ್ಪ. 15 ವರ್ಷ ದಾಟಿದ ಸ್ವಂತ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಬೋರ್ ಕೊರೆಸಿದರೆ ಎಂಜಿನ್ ನಂಬರ್ ಬದಲಾಗುವುದಿಲ್ಲ, ಬ್ಲಾಕನ್ನೇ ಬದಲಿಸಿದರೆ ಆರ್‌ಟಿಒದಲ್ಲಿ ದಾಖಲಿಸಲೇಬೇಕು. ಬ್ಲಾಕ್ ಉಳಿಸಿಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರ್ ಸಿಗುತ್ತದೆ. ಆದರೆ ಆ ನಂಬರ್ ಪಡೆದ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ, ಪ್ರದರ್ಶನಕ್ಕೋ ರ್‍ಯಾಲಿಗೋ ಅಷ್ಟೆ. ಸಂತೆಗೆ ಹೋಗುವ ಗಾಡಿಗೆ ಅದು ಹೇಳಿಸಿದ್ದಲ್ಲ.

ಕಟ್ಟಿದ ಎಂಜಿನ್ನನ್ನು ಕೂಡಲೇ ಚಾಲೂ ಮಾಡಬಾರದು. ಪ್ಲಗ್ ತೆಗೆದಿಟ್ಟು, ಎಣ್ಣೆ ತುಂಬಿ, ಆಯಿಲ್ ಪ್ರೆಶರ್ ಏರುವ ತನಕ ಬರೀ ಸೆಲ್ಫಿನಲ್ಲೇ ತಿರುಗಿಸಬೇಕು, ನಡುನಡುವೆ ಸೆಲ್ಫ್ ಆರಲು ಬಿಡುತ್ತ. ಹೊಸ ಬೇರಿಂಗಿನ ಆಯುಷ್ಯ ಮೊದಲ ನಿಮಿಷದ ಎಣ್ಣೆಯ ಮೇಲೆ ನಿಂತಿರುತ್ತದೆ. ಆಮೇಲೆ ಪ್ಲಗ್ ಹಾಕಿ ಚಾವಿ ತಿರುಗಿಸಿದರೆ, ಮೊದಲು ಮೈಗೆ ಬಳಿದ ಎಣ್ಣೆಯೆಲ್ಲ ಸುಟ್ಟು ಇಡೀ ಕಂಪೌಂಡು ಹೊಗೆ. ನೋಡಲು ಬಂದ ನೆರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಬೋರ್ ಹೊಡಸಬೇಕಿತ್ತು’ ಎಂಬ ಮಾತು ಅವರ ಬಾಯಿಗೆ ಬರುವ ಮೊದಲೇ ಹೊಗೆ ತಿಳಿಯಾಯಿತು. ಕ್ರ್ಯಾಂಕಿನ ಹಿಂಬದಿಯಿಂದ ಒಂದೆರಡು ಹನಿ ಎಣ್ಣೆ ನೆಲಕ್ಕೆ ಬೀಳುತ್ತದೆ. ಈ ಎಂಜಿನ್ನಿಗೆ ಅಲ್ಲಿ ರಬ್ಬರ್ ಸೀಲೇ ಇಲ್ಲ, ಎಣ್ಣೆಯನ್ನು ವಾಪಸು ದೂಡುವ ಸುರುಳಿ ಗೆರೆ ಮಾತ್ರ. ಅದಕ್ಕೆ ಔಷಧವಿಲ್ಲ, ಕೆಳಗೆ ರಟ್ಟು ಹಾಸುವುದು.

ಹೊಸ ರಿಂಗು ಗೋಡೆಗೆ ಒಗ್ಗಬೇಕಾದರೆ ಎಂಜಿನ್ನಿಗೆ ಭಾರ ಬೀಳುತ್ತ, ಇಳಿಯುತ್ತ ಇರಬೇಕು. ಹೆದ್ದಾರಿಗೆ ಹತ್ತಿಸಿ ಒಂದೇ ವೇಗದಲ್ಲಿ ಮೆಲ್ಲಗೆ ಹೊಡೆಯುವುದು ಬಹಳ ಜನ ಮಾಡುವ ತಪ್ಪು. ಗುಳೇದಗುಡ್ಡದ ಮೇಲೆ ಹಾಯ್ದು ಬಾದಾಮಿಗೆ ಹೋಗುವ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು: ಏರು ಬಂದಾಗ ಒಂದಿಷ್ಟು ಒತ್ತಿ, ಇಳಿಜಾರಿನಲ್ಲಿ ಬಿಟ್ಟು, ಎಲ್ಲಿಯೂ ಎಂಜಿನ್ ಗೋಳಾಡದಂತೆ ಗೇರು ಇಳಿಸುತ್ತ. ಸುಮಾರು 800 ಕಿಲೋಮೀಟರ್ ಆದ ಮೇಲೆ ಬಿಸಿ ಇರುವಾಗಲೇ ಎಣ್ಣೆ ಇಳಿಸಿ, ಬಿಸಿಲಿಗೆ ಹಿಡಿದು ಲೋಹದ ಚೂರು ಮಿನುಗುತ್ತವೆಯೇ ನೋಡಬೇಕು. ಹೆಡ್ ನಟ್ಟು ಇನ್ನೊಮ್ಮೆ, ಟ್ಯಾಪೆಟ್ ಇನ್ನೊಮ್ಮೆ. ಅಷ್ಟಾದ ಮೇಲೆ ಹುನಗುಂದ, ಇಳಕಲ್ ಕಡೆ ಉದ್ದದ ರಸ್ತೆಗೆ ಹೊರಡಬಹುದು. ದಾರಿಯಲ್ಲಿ ಅಮೀನಗಡದಲ್ಲಿ ಕರದಂಟಿಗೆ ನಿಲ್ಲಿಸಿದಾಗ, ಮತ್ತೆ ಚಾಲೂ ಆಗುತ್ತದೋ ಇಲ್ಲವೋ ಎಂದು ಎಂಜಿನ್ ಬಂದ್ ಮಾಡದೆ ಒಬ್ಬರು ಗಾಡಿಯಲ್ಲೇ ಕೂರಬೇಕಾಗಿಲ್ಲ.